ಮನೆಯಲ್ಲಿ ಹಾವು ಸಾಕಲು ಲೈಸೆನ್ಸ್ ಎಲ್ಲಿ ಸಿಗುತ್ತದೆ?

ಕಳೆದ ಮಳೆಗಾಲದ ಒಂದು ಸಂಜೆ, ನಮ್ಮ ಊರಿನ ಪಿಯುಸಿ ಓದುವ ಹುಡುಗನೊಬ್ಬ ಮನೆಗೆ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತ. ಏನು ಎಂದು ಕೇಳಿದರೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, "ಮೇಷ್ಟ್ರೇ, ಹಾವು ಸಾಕಲು ಲೈಸೆನ್ಸ್ ಎಲ್ಲಿ ಸಿಗುತ್ತದೆ?" ಎಂದ. "ಯಾಕಪ್ಪ, ಸಾಕಬೇಕು ಅಂತ ಇದ್ದೀಯಾ?" ಎಂದೆ. "ಇಲ್ಲ ಮೇಷ್ಟ್ರೇ, ಸಾಕಿದ್ದೇನೆ" ಎಂದ.

ಅವರ ಮನೆಯ ಅಟ್ಟದ ಮೇಲೆ, ಅಡಿಕೆ ಮೂಟೆಗಳ ಪಕ್ಕದಲ್ಲಿ, ಹಳೆಯ ಮೀನಿನ ತೊಟ್ಟಿ. ಮೇಲೆ ಸೊಳ್ಳೆಪರದೆ, ಅದರ ಮೇಲೆ ಇಟ್ಟಿಗೆ. ಒಳಗೆ ಮೊಳದುದ್ದದ ಒಂದು ಆಭರಣ ಹಾವು. ಮೂರು ವಾರದಿಂದ ಅಲ್ಲಿದೆಯಂತೆ. ಹುಡುಗ ಪ್ರೀತಿಯಿಂದಲೇ ನೋಡಿಕೊಂಡಿದ್ದ. ನೀರಿಗೆ ಚಿಪ್ಪು ಇಟ್ಟಿದ್ದ, ಅಡಗಿಕೊಳ್ಳಲು ಹೆಂಚಿನ ಚೂರು ಇಟ್ಟಿದ್ದ. ಆದರೆ ಟಾರ್ಚ್ ಹಿಡಿದು ನೋಡಿದಾಗ, ಹೊರಗೆ ಹೋಗಲು ದಾರಿ ಹುಡುಕುತ್ತ ಪರದೆಗೆ ಉಜ್ಜಿ ಉಜ್ಜಿ ಅದರ ಮೂತಿಯ ತುದಿ ಕೆಂಪಾಗಿ ಸುಲಿದಿತ್ತು. ಪೊರೆ ಬಿಟ್ಟಿತ್ತು, ಆದರೆ ಒಂದು ಕಣ್ಣಿನ ಮೇಲಿನ ಪೊರೆ ಕಳಚದೆ ಬಿಳಿಯ ಬಿಲ್ಲೆಯ ಹಾಗೆ ಅಂಟಿಕೊಂಡಿತ್ತು. ಮೂರು ವಾರದಲ್ಲಿ ಏನನ್ನೂ ತಿಂದಿರಲಿಲ್ಲ.

ಅವನ ಪ್ರಶ್ನೆಗೆ ಉತ್ತರ ಒಂದೇ ಮಾತಿನದು: ಎಲ್ಲಿಯೂ ಸಿಗುವುದಿಲ್ಲ. ನಮ್ಮ ನೆಲದ ಹಾವನ್ನು ಮನೆಯಲ್ಲಿ ಮುದ್ದಿಗಾಗಿ ಸಾಕಲು ಭಾರತದಲ್ಲಿ ಪರವಾನಗಿ ಎಂಬುದೇ ಇಲ್ಲ. ಆದರೆ ಆ ಉತ್ತರ ಹೇಳಿ ಕಳಿಸಿಬಿಟ್ಟರೆ ಅಟ್ಟದ ಮೇಲಿನ ಹಾವಿನ ಗತಿ ಏನು, ಹುಡುಗನ ಗತಿ ಏನು? ಇಂಥ ಪ್ರಶ್ನೆ ಹೊತ್ತು ಬರುವವರು ಅವನೊಬ್ಬನೇ ಅಲ್ಲ. ಆದ್ದರಿಂದ ನನಗೆ ತಿಳಿದಷ್ಟನ್ನು, ಮಾಡಬೇಕಾದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಹಾವು ಯಾವುದು, ಯಾವ ನಾಡಿನದು?

ಕಾನೂನಿನ ದಾರಿ ಇಲ್ಲಿಯೇ ಕವಲೊಡೆಯುತ್ತದೆ. ನಾಗರಹಾವು, ಕೇರೆ, ಹೆಬ್ಬಾವು, ನೀರೊಳ್ಳೆ, ಹಸಿರು ಹಾವು, ತೋಳಹಾವು, ಮಣ್ಣುಮುಕ್ಕ, ಇವೆಲ್ಲ ನಮ್ಮ ನೆಲದವು. ಬಾಲ್ ಪೈಥಾನ್ ಆಫ್ರಿಕಾದ್ದು, ಕಾರ್ನ್ ಸ್ನೇಕ್ ಅಮೆರಿಕದ್ದು. ನಮ್ಮ ನೆಲದ ಹಾವಿಗೆ ಒಂದು ನಿಯಮ, ಹೊರಗಿನಿಂದ ಬಂದ ಹಾವಿಗೆ ಇನ್ನೊಂದು.

ಗುರುತಿಸುವ ಕೆಲಸವನ್ನು ಮೊಬೈಲಿನ ಚಿತ್ರ ನೋಡಿ ನೀವೇ ಮಾಡಿ ಮುಗಿಸಬೇಡಿ. ವಿಷವಿಲ್ಲದ ತೋಳಹಾವಿನ ಮೈಮೇಲೂ ಪಟ್ಟೆ, ಮಾರಕ ವಿಷದ ಕಟ್ಟುಹಾವಿನ ಮೈಮೇಲೂ ಪಟ್ಟೆ. ಕೊಳಕುಮಂಡಲದ ಮರಿಯನ್ನು ಹೆಬ್ಬಾವಿನ ಮರಿ ಎಂದೋ ಮಣ್ಣುಮುಕ್ಕ ಎಂದೋ ತಿಳಿದು ಕೈಗೆತ್ತಿಕೊಂಡು ಕಚ್ಚಿಸಿಕೊಂಡವರಿದ್ದಾರೆ. ಮರಿಯ ವಿಷವೂ ವಿಷವೇ. ದೂರದಿಂದ ಒಂದು ಫೋಟೊ ತೆಗೆದು ತಿಳಿದವರಿಗೆ ಕಳಿಸಿ. ಗೊತ್ತಾಗುವ ತನಕ ಅದು ವಿಷದ ಹಾವು ಎಂದೇ ಇಟ್ಟುಕೊಳ್ಳಿ.

ಎರಡನೆಯ ಹೆಜ್ಜೆ: ಕಾಯ್ದೆಯನ್ನು ಒಮ್ಮೆ ಸರಿಯಾಗಿ ತಿಳಿದುಕೊಳ್ಳಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಇಲ್ಲಿ ಮೂಲ. ಅದರಲ್ಲಿ ಪ್ರಾಣಿಗಳನ್ನು ಅನುಸೂಚಿಗಳಲ್ಲಿ ಪಟ್ಟಿ ಮಾಡಿದ್ದಾರೆ. ಮೊದಲು ಆರು ಅನುಸೂಚಿಗಳಿದ್ದವು. 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ನಾಲ್ಕಾದವು: ಒಂದು ಮತ್ತು ಎರಡು ನಮ್ಮ ಪ್ರಾಣಿಗಳಿಗೆ, ಮೂರು ಸಸ್ಯಗಳಿಗೆ, ನಾಲ್ಕು ವನ್ಯಜೀವಿ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದದಡಿ ಬರುವ ಜೀವಿಗಳಿಗೆ. ಹಾಗಾಗಿ ಯಾರಾದರೂ "ಕೇರೆಹಾವು ಎರಡನೆಯ ಅನುಸೂಚಿಯಲ್ಲಿದೆ, ಅಷ್ಟೇನೂ ದೊಡ್ಡ ಅಪರಾಧವಲ್ಲ" ಎಂದರೆ ಅವರು ಹಳೆಯ ಪಟ್ಟಿ ಓದಿದ್ದಾರೆ ಎಂದರ್ಥ. ಹೆಬ್ಬಾವು ಮೊದಲಿನಿಂದಲೂ ಒಂದನೆಯ ಅನುಸೂಚಿಯಲ್ಲಿತ್ತು. ಈಗ ನಾಗರಹಾವು, ಕಾಳಿಂಗ ಸರ್ಪ, ಕೊಳಕುಮಂಡಲ, ಕೇರೆ, ನೀರೊಳ್ಳೆ ಕೂಡ ಅಲ್ಲಿವೆ. ಅಂದರೆ ಹುಲಿ, ಆನೆಗಳ ಸಾಲಿನಲ್ಲಿ. ಗದ್ದೆಯ ಬದುವಿನಲ್ಲಿ ಹರಿದಾಡುವ ಕೇರೆಗೆ ಕಾನೂನು ಹುಲಿಯಷ್ಟೇ ರಕ್ಷಣೆ ಕೊಟ್ಟಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ನಿಮ್ಮ ಹಿತ್ತಲಲ್ಲಿ ಕಂಡ ಹಾವು ಪಟ್ಟಿಯಲ್ಲಿ ಇರಲಿಕ್ಕಿಲ್ಲ ಎಂದು ನೀವೇ ತೀರ್ಮಾನಿಸಿಕೊಳ್ಳುವ ಧೈರ್ಯ ಮಾತ್ರ ಬೇಡ.

ಕಾಯ್ದೆಯ ಕೆಲವು ಸೆಕ್ಷನ್‌ಗಳು ಹಾವು ಸಾಕುವವರಿಗೆ ನೇರವಾಗಿ ಸಂಬಂಧಿಸಿದವು.

ಸೆಕ್ಷನ್ 9 ಬೇಟೆಯನ್ನು ನಿಷೇಧಿಸುತ್ತದೆ. "ನಾನು ಬೇಟೆಯಾಡಿಲ್ಲವಲ್ಲ, ಹಿಡಿದು ತಂದೆ ಅಷ್ಟೇ" ಎನ್ನುವವರು ಸೆಕ್ಷನ್ 2ರಲ್ಲಿರುವ ಬೇಟೆಯ ವಿವರಣೆಯನ್ನು ಓದಬೇಕು. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಬಲೆಗೆ ಕೆಡಹುವುದು, ಅಟ್ಟುವುದು, ಹಾಗೆ ಮಾಡಲು ಪ್ರಯತ್ನಿಸುವುದು ಕೂಡ ಬೇಟೆಯೇ. ಸರೀಸೃಪಗಳ ಮೊಟ್ಟೆಯನ್ನು ಹಾಳುಮಾಡುವುದು, ಮೊಟ್ಟೆ ಅಥವಾ ಗೂಡನ್ನು ಕೆದಕುವುದು ಸಹ ಅದರಲ್ಲಿ ಸೇರಿದೆ.

ಸೆಕ್ಷನ್ 39ರ ಪ್ರಕಾರ ಹೀಗೆ ಹಿಡಿದ ಅಥವಾ ಕೂಡಿಹಾಕಿದ ವನ್ಯಪ್ರಾಣಿ ರಾಜ್ಯ ಸರ್ಕಾರದ ಸ್ವತ್ತು. ಅಂಥ ಪ್ರಾಣಿ ಯಾರ ಕೈಗಾದರೂ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಪಡೆದ ಅರಣ್ಯಾಧಿಕಾರಿಗೋ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ (ಚೀಫ್ ವೈಲ್ಡ್‌ಲೈಫ್ ವಾರ್ಡನ್) ಲಿಖಿತ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ, ಬೇರೆಯವರಿಗೆ ದಾನವಾಗಿಯೂ ಕೊಡುವಂತಿಲ್ಲ.

"ಲಿಖಿತ ಅನುಮತಿ ಅಂತ ಇದೆಯಲ್ಲ, ಅದನ್ನೇ ಕೇಳೋಣ" ಎಂದು ನಮ್ಮ ಹುಡುಗನೂ ಹೇಳಿದ. ಜಾಣ ಪ್ರಶ್ನೆ. ಅನುಮತಿ ಯಾವ ಕಾರಣಕ್ಕೆ ಕೊಡಬಹುದು ಎಂಬುದನ್ನು ಸೆಕ್ಷನ್ 12 ಹೇಳುತ್ತದೆ: ಶಿಕ್ಷಣ, ವೈಜ್ಞಾನಿಕ ಸಂಶೋಧನೆ, ವನ್ಯಜೀವಿ ನಿರ್ವಹಣೆ, ಮಾನ್ಯತೆ ಪಡೆದ ಮೃಗಾಲಯ ಮತ್ತು ವಸ್ತುಸಂಗ್ರಹಾಲಯಗಳ ಸಂಗ್ರಹ, ಜೀವರಕ್ಷಕ ಔಷಧಕ್ಕಾಗಿ ಹಾವಿನ ವಿಷ ತೆಗೆಯುವುದು. ಒಂದನೆಯ ಅನುಸೂಚಿಯ ಪ್ರಾಣಿಯಾದರೆ ಕೇಂದ್ರ ಸರ್ಕಾರದ ಒಪ್ಪಿಗೆಯೂ ಬೇಕು. ತಮಿಳುನಾಡಿನ ಇರುಳ ಸಮುದಾಯದವರು ಹಾವಿನ ಚರ್ಮದ ವ್ಯಾಪಾರ ನಿಂತ ಮೇಲೆ 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು, ಸರ್ಕಾರದ ಅನುಮತಿಯಿಂದ ಹಾವು ಹಿಡಿದು, ವಿಷ ತೆಗೆದು, ಮತ್ತೆ ಬಿಟ್ಟುಬಿಡುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷದ ಹಿಂದೆ ಅವರ ಕೈಗಳಿವೆ. ಅನುಮತಿ ಇರುವುದು ಇಂಥ ಕೆಲಸಕ್ಕೆ. ಮನೆಯಲ್ಲಿ ಸಾಕುವ ಆಸೆ ಆ ಪಟ್ಟಿಯಲ್ಲಿಲ್ಲ.

ಇನ್ನು ಶಿಕ್ಷೆ. ಒಂದನೆಯ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆವಾಸ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಉಳಿದವುಗಳಿಗೆ ಸಾಮಾನ್ಯವಾಗಿ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ದಂಡ ಕಟ್ಟಿ ರಾಜಿ ಮಾಡಿಕೊಳ್ಳುವ ಅವಕಾಶ ಸೆಕ್ಷನ್ 54ರಲ್ಲಿದೆ. ಆದರೆ ಕನಿಷ್ಠ ಸೆರೆವಾಸ ನಿಗದಿಯಾದ ಅಪರಾಧಕ್ಕೆ ಆ ಬಾಗಿಲೂ ಮುಚ್ಚಿದೆ. ಅಂದರೆ ನಾಗರಹಾವೋ ಕೇರೆಯೋ ಆದರೆ ರಾಜಿಯ ಮಾತೇ ಇಲ್ಲ. ಇದಕ್ಕಿಂತ ಗಟ್ಟಿಯಾದದ್ದು ಸೆಕ್ಷನ್ 57. ಪ್ರಾಣಿ ನಿಮ್ಮ ವಶದಲ್ಲಿತ್ತು ಎಂದು ಸಾಬೀತಾದರೆ ಸಾಕು, ಅದು ಅಕ್ರಮ ಎಂದೇ ಭಾವಿಸಲಾಗುತ್ತದೆ. ಸಕ್ರಮ ಎಂದು ತೋರಿಸುವ ಹೊಣೆ ನಿಮ್ಮದು. ಕೊರಳಿಗೆ ಹಾವು ಸುತ್ತಿಕೊಂಡು ಜಾಲತಾಣಕ್ಕೆ ಹಾಕುವ ವಿಡಿಯೊ ಎಂದರೆ ನಮ್ಮ ವಿರುದ್ಧದ ಸಾಕ್ಷಿಯನ್ನು ನಾವೇ ಬರೆದು ಕೊಟ್ಟ ಹಾಗೆ.

ಮೂರನೆಯ ಹೆಜ್ಜೆ: ಹಾವು ಈಗಾಗಲೇ ಮನೆಯಲ್ಲಿದ್ದರೆ

ಈ ಭಾಗವನ್ನು ನಿಧಾನವಾಗಿ ಓದಿ. ಹೆಚ್ಚಿನವರು ತಪ್ಪುವುದು ಇಲ್ಲಿಯೇ.

ಭಯ ಹುಟ್ಟಿದ ಕೂಡಲೇ ಮನಸ್ಸಿಗೆ ಬರುವುದು, ರಾತ್ರಿ ಚೀಲದಲ್ಲಿ ಹಾಕಿಕೊಂಡು ಹೋಗಿ ದೂರದ ಕಾಡಿಗೆ ಬಿಟ್ಟು ಬರೋಣ ಎಂದು. ದಯವಿಟ್ಟು ಹಾಗೆ ಮಾಡಬೇಡಿ. ವಾರಗಟ್ಟಲೆ ತೊಟ್ಟಿಯಲ್ಲಿದ್ದ ಹಾವು ನಿತ್ರಾಣವಾಗಿರುತ್ತದೆ, ಗಾಯ ಇರಬಹುದು, ಸೋಂಕು ಇರಬಹುದು. ಹಾವಿಗೂ ತನ್ನ ಊರು ಎಂಬುದಿರುತ್ತದೆ. ಎಲ್ಲಿ ನೀರು, ಯಾವ ಬಿಲ, ಎಲ್ಲಿ ಬಿಸಿಲು ಎಂದು ಅದಕ್ಕೆ ಗೊತ್ತಿರುವುದು ಆ ಊರಿನಲ್ಲಿ ಮಾತ್ರ. ಆಗುಂಬೆಯ ಸುತ್ತಮುತ್ತ ಕಾಳಿಂಗಗಳ ಮೈಯಲ್ಲಿ ರೇಡಿಯೊ ಟ್ರಾನ್ಸ್‌ಮಿಟರ್ ಇರಿಸಿ ಹಿಂಬಾಲಿಸಿದಾಗ, ದೂರ ಒಯ್ದು ಬಿಟ್ಟ ಕಾಳಿಂಗ ತನ್ನ ಜಾಗದಲ್ಲೇ ಇದ್ದ ಕಾಳಿಂಗಕ್ಕಿಂತ ಬಹಳ ಹೆಚ್ಚು ಅಲೆದದ್ದು ಕಂಡುಬಂತು. ಅಲೆಯುವ ಹಾವು ರಸ್ತೆಗೆ ಬರುತ್ತದೆ, ಮನೆಗೆ ನುಗ್ಗುತ್ತದೆ. ಮಾರುವುದಂತೂ ಆಲೋಚನೆಗೂ ಬರಬಾರದು. ಅದು ಇನ್ನೊಂದು ಅಪರಾಧ.

ಮಾಡಬೇಕಾದದ್ದು ಇಷ್ಟು. ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926. ಅದಕ್ಕೆ ಕರೆ ಮಾಡಿ, ಅಥವಾ ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿ. ಹಾವನ್ನು ನೀವು ಬಸ್ಸಿನಲ್ಲೋ ಬೈಕಿನಲ್ಲೋ ಹೊತ್ತೊಯ್ಯಬೇಡಿ. ದಾರಿಯಲ್ಲಿ ಯಾರಾದರೂ ತಡೆದರೆ ಒಪ್ಪಿಸಲು ಹೊರಟವರೂ ಸಾಗಿಸುವವರ ಹಾಗೆಯೇ ಕಾಣುತ್ತಾರೆ. ಅವರೇ ಬಂದು ಒಯ್ಯಲಿ.

ಕರೆ ಮಾಡಿದ ಮೇಲೆ ಕಾಗದದಲ್ಲೂ ಬರೆಯಿರಿ. ಅರ್ಜಿ ಉದ್ದ ಬೇಡ. ನಾವು ಬರೆದದ್ದು ಹೀಗಿತ್ತು: ದಿನಾಂಕ, ವಲಯ ಅರಣ್ಯಾಧಿಕಾರಿಯವರಿಗೆ, "ನಮ್ಮ ತೋಟದ ಪಂಪ್‌ಹೌಸಿನ ಬಳಿ ಇಂಥ ದಿನ ಸಿಕ್ಕ, ಸುಮಾರು ಒಂದೂವರೆ ಅಡಿ ಉದ್ದದ ಒಂದು ಹಾವನ್ನು ನನ್ನ ಮಗ ಕಾನೂನಿನ ಅರಿವಿಲ್ಲದೆ ಮನೆಯಲ್ಲಿ ಇಟ್ಟುಕೊಂಡಿದ್ದಾನೆ. ಮೂತಿಯಲ್ಲಿ ಗಾಯವಿದೆ. ದಯವಿಟ್ಟು ವಶಕ್ಕೆ ಪಡೆದು ಚಿಕಿತ್ಸೆ ಕೊಡಿಸಬೇಕು", ಕೊನೆಗೆ ಸಹಿ, ವಿಳಾಸ, ದೂರವಾಣಿ. ಹುಡುಗನಿಗೆ ಇನ್ನೂ ಹದಿನೇಳು, ಹಾಗಾಗಿ ತಂದೆ ಸಹಿ ಹಾಕಿದರು. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ಸ್ವೀಕೃತಿ ಸಹಿ ಪಡೆದುಕೊಳ್ಳಿ. ಆ ಹಾಳೆಯನ್ನು ಜೋಪಾನ ಮಾಡಿ. ಸುಳ್ಳು ಮಾತ್ರ ಬರೆಯಬೇಡಿ. ಮೂರು ವಾರ ಇಟ್ಟುಕೊಂಡದ್ದನ್ನು "ನಿನ್ನೆ ಸಿಕ್ಕಿತು" ಎಂದು ಬರೆದರೆ, ಸುಲಿದ ಮೂತಿ ನೋಡಿದ ಯಾವ ಅನುಭವಿ ಸಿಬ್ಬಂದಿಯೂ ನಂಬುವುದಿಲ್ಲ. ನಂಬಿಕೆ ಕಳೆದುಕೊಂಡ ಮೇಲೆ ನಿಜವೂ ಕೆಲಸಕ್ಕೆ ಬರುವುದಿಲ್ಲ.

ತಾನಾಗಿ ಒಪ್ಪಿಸಿದವರ ಮೇಲೆ ಪ್ರಕರಣ ದಾಖಲಿಸಬಾರದು ಎಂಬ ಸಾಲು ಕಾಯ್ದೆಯಲ್ಲಿಲ್ಲ. 48 ಗಂಟೆ ಮೀರಿದ್ದರೆ, ಅದರಲ್ಲೂ ಹಾವು ಒಂದನೆಯ ಅನುಸೂಚಿಯದಾದರೆ, ಕರೆ ಮಾಡುವ ಮುನ್ನ ವಕೀಲರೊಬ್ಬರೊಡನೆ ಮಾತಾಡುವುದು ಒಳ್ಳೆಯದು. ಹಾಗೆಂದು ಒಂದು ವಾರ ತಳ್ಳಬೇಡಿ. ನಮ್ಮ ಪ್ರಕರಣದಲ್ಲಿ ಬಂದ ಅಧಿಕಾರಿ ಹೇಳಿಕೆ ಬರೆದುಕೊಂಡರು, ಹಾವನ್ನು ಚೀಲಕ್ಕೆ ಹಾಕಿಕೊಂಡರು, ಹುಡುಗನಿಗೆ ಅರ್ಧ ಗಂಟೆ ಬುದ್ಧಿ ಹೇಳಿದರು. ಎಲ್ಲ ಕಡೆಯೂ ಹೀಗೆಯೇ ಆಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಬಚ್ಚಿಟ್ಟು ಸಿಕ್ಕಿಬೀಳುವುದಕ್ಕೂ ಬಾಯಿಬಿಟ್ಟು ಒಪ್ಪಿಸುವುದಕ್ಕೂ ಅಧಿಕಾರಿಯ ಕಣ್ಣಲ್ಲಿ, ನ್ಯಾಯಾಧೀಶರ ಕಣ್ಣಲ್ಲಿ ಬಹಳ ವ್ಯತ್ಯಾಸವಿದೆ ಎಂಬುದನ್ನಷ್ಟೇ ಹೇಳಬಲ್ಲೆ.

ಸಿಬ್ಬಂದಿ ಬರುವ ತನಕ ಹಾವು ಇದ್ದಲ್ಲೇ ಇರಲಿ. ತೊಟ್ಟಿಯ ಮೇಲೆ ದಪ್ಪ ಬಟ್ಟೆ ಹೊದಿಸಿ. ಕತ್ತಲಾದರೆ ಹಾವು ತಣ್ಣಗಿರುತ್ತದೆ. ಗಾಳಿಯಾಡಲಿ. ಬಿಸಿಲು ಬೀಳುವ ಕಿಟಕಿ ಬೇಡ, ಗಾಜಿನ ತೊಟ್ಟಿ ಬಿಸಿಲಲ್ಲಿ ಒಲೆಯಾಗುತ್ತದೆ. ತಿನ್ನಿಸಲು ಹೋಗಬೇಡಿ, ಹಾಲನ್ನಂತೂ ಇಡಲೇಬೇಡಿ. ಹಾವಿಗೆ ಹಾಲು ಆಹಾರವಲ್ಲ, ಬಾಯಾರಿ ಬೇರೆ ದಾರಿಯಿಲ್ಲದೆ ಕುಡಿದರೆ ಅದಕ್ಕೆ ಕೇಡೇ. ಕಣ್ಣಿನ ಮೇಲಿನ ಪೊರೆಯನ್ನು ಉಗುರಿನಿಂದ ಬಿಡಿಸಲು ನಮ್ಮ ಹುಡುಗ ಹೊರಟಿದ್ದ. ಕಣ್ಣೇ ಹೋಗಿಬಿಡುತ್ತಿತ್ತು. ಅದು ಪಶುವೈದ್ಯರ ಕೆಲಸ.

ವಿಷದ ಹಾವಾಗಿದ್ದರೆ ಕೋಣೆಯ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಬಟ್ಟೆ ತುರುಕಿ ಹೊರಗೆ ನಿಲ್ಲಿ. ಕಚ್ಚಿದರೆ 108ಕ್ಕೆ ಕರೆ, ನೇರ ಆಸ್ಪತ್ರೆ. ಕುಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆಂದು ತಯಾರಾದದ್ದು. ಕಾಳಿಂಗಕ್ಕೂ ಮಲೆನಾಡಿನ ಮರಗಳಲ್ಲಿರುವ ಗುಳಿಮಂಡಲಗಳಿಗೂ ತಕ್ಕ ಪ್ರತಿವಿಷ ನಮ್ಮಲ್ಲಿ ತಯಾರಾಗುತ್ತಿಲ್ಲ. ಚಂದ ಕಂಡಿತೆಂದು ಗುಳಿಮಂಡಲವನ್ನು ಬಾಟಲಿಗೆ ಹಾಕುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿದೆ. ಆದ್ದರಿಂದ ಕಚ್ಚಿಸಿಕೊಂಡು ಗುಟ್ಟಾಗಿ ಔಷಧಿ ಪಡೆದು ಬರುತ್ತೇನೆ ಎಂಬುದೂ ಆಗದ ಮಾತು. ಪ್ರಕರಣದ ಭಯಕ್ಕೆ ಆಸ್ಪತ್ರೆ ತಪ್ಪಿಸಿ ಜೀವ ಕಳೆದುಕೊಳ್ಳಬೇಡಿ. ವೈದ್ಯರಿಗೆ ಹಾವು ಯಾವುದೆಂದು ಇದ್ದದ್ದು ಇದ್ದ ಹಾಗೆ ಹೇಳಿ.

ನಾಲ್ಕನೆಯ ಹೆಜ್ಜೆ: ಹಾವು ತಾನಾಗಿ ಮನೆಗೆ ಬಂದರೆ

ಅದು ನಿಮ್ಮ ಅಪರಾಧವಲ್ಲ. 1926ಕ್ಕೋ 112ಕ್ಕೋ ಕರೆ ಮಾಡಿ, ಬರುವ ತನಕ ಹಾವಿನ ಮೇಲೆ ದೂರದಿಂದ ಒಂದು ಕಣ್ಣಿಡಿ. ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ ಎಂದು ಸೆಕ್ಷನ್ 11 ಹೇಳುತ್ತದೆ. ತೊಟ್ಟಿಲ ಬಳಿ ಹೆಡೆ ಎತ್ತಿದ ನಾಗರಕ್ಕೆ ಅದು ಅನ್ವಯಿಸಬಹುದು. ಗೊಬ್ಬರಗುಂಡಿಯ ಪಕ್ಕ ತನ್ನ ಪಾಡಿಗೆ ಹೋಗುತ್ತಿದ್ದ ಕೇರೆಯನ್ನು ದೊಣ್ಣೆಯಿಂದ ಹೊಡೆದದ್ದಕ್ಕೆ ಅನ್ವಯಿಸುವುದಿಲ್ಲ.

ಹಾವು ಹಿಡಿಯಲು ಬಂದವರನ್ನು ಎರಡು ಮಾತು ಕೇಳುವ ಹಕ್ಕು ನಿಮಗಿದೆ. ಅರಣ್ಯ ಇಲಾಖೆಯ ಗುರುತಿನ ಚೀಟಿ ಅಥವಾ ಅನುಮತಿ ಇದೆಯೇ? ಹಿಡಿದ ಹಾವನ್ನು ಎಲ್ಲಿ, ಯಾವಾಗ ಬಿಡುತ್ತೀರಿ? ಒಳ್ಳೆಯ ಸಂರಕ್ಷಕ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಕೊಕ್ಕೆಯಿಂದ ನಿಧಾನವಾಗಿ ಎತ್ತಿ, ಚೀಲಕ್ಕೆ ಇಳಿಸಿ, ಚೀಲದ ಬಾಯಿ ಕಟ್ಟಿ, ಮಾತು ಮುಗಿಸುತ್ತಾನೆ. ಬಾಲ ಹಿಡಿದು ನೇತಾಡಿಸುತ್ತ ಮಕ್ಕಳಿಗೆ ಮುಟ್ಟಿಸಿ ವಿಡಿಯೊ ಮಾಡಿಸುವವನು, ಮನೆಯಲ್ಲಿ ಹತ್ತಾರು ಡಬ್ಬಿಗಳಲ್ಲಿ ಹಾವು ಕೂಡಿಟ್ಟು ಶಾಲೆಗಳಲ್ಲಿ ಪ್ರದರ್ಶನ ಮಾಡುವವನು ಸಂರಕ್ಷಕನಲ್ಲ. ಹಿಡಿಯುವ ಅನುಮತಿ ಇಟ್ಟುಕೊಳ್ಳುವ ಅನುಮತಿಯಲ್ಲ. ಹಲ್ಲು ಕಿತ್ತ ನಾಗರವನ್ನು ಬುಟ್ಟಿಯಲ್ಲಿಟ್ಟು ಪಂಚಮಿಯ ದಿನ ಮನೆಮನೆಗೆ ತರುವವರಿಗೂ ಇದೇ ಮಾತು. ನಮ್ಮಲ್ಲಿ ನಾಗನ ಕಲ್ಲಿದೆ, ಹುತ್ತವಿದೆ, ಕರಾವಳಿಯಲ್ಲಿ ಕೊಡಲಿ ತಾಗದ ನಾಗಬನಗಳಿವೆ. ಪೂಜೆಗೆ ಜೀವಂತ ಹಾವನ್ನು ಹಿಂಸಿಸುವ ಅಗತ್ಯ ನಮ್ಮ ಹಿರಿಯರಿಗೇ ಇರಲಿಲ್ಲ.

ಐದನೆಯ ಹೆಜ್ಜೆ: ಕೊಳ್ಳುವ ಮೊದಲು ತಡೆದು ನಿಲ್ಲಿ

ಕೆಂಪು ಮಣ್ಣುಮುಕ್ಕನ ಹೆಸರಿನಲ್ಲಿ ನಡೆಯುವ ಮೋಸಕ್ಕೆ ಲೆಕ್ಕವಿಲ್ಲ. ಎರಡು ತಲೆ ಹಾವು, ಮನೆಯಲ್ಲಿದ್ದರೆ ನಿಧಿ ತೋರಿಸುತ್ತದೆ, ಇಷ್ಟು ಕೆಜಿ ತೂಗಿದರೆ ಕೋಟಿ ರೂಪಾಯಿ ಎಂಬ ಕಥೆ ನಂಬಿ ಜಮೀನು ಅಡವಿಟ್ಟವರ ಸುದ್ದಿ ಆಗಾಗ ಬರುತ್ತಿರುತ್ತದೆ. ಅದಕ್ಕೆ ಎರಡು ತಲೆ ಇಲ್ಲ. ಬಾಲ ಮೊಂಡಾಗಿದ್ದು, ಅಪಾಯ ಬಂದಾಗ ಶತ್ರುವನ್ನು ಗೊಂದಲಗೊಳಿಸಲು ಬಾಲವನ್ನೇ ತಲೆಯ ಹಾಗೆ ಆಡಿಸುತ್ತದೆ, ಅಷ್ಟೇ. ಮಣ್ಣಿನೊಳಗೆ ಇಲಿ ಹಿಡಿದು ಬದುಕುವ ಈ ಸಾಧು ಹಾವನ್ನು ತೂಕ ಬರಲೆಂದು ಬಲವಂತವಾಗಿ ತಿನ್ನಿಸಿ ಕೊಲ್ಲುತ್ತಾರೆ. ಕೊಳ್ಳುವವನೂ ಮಾರುವವನಷ್ಟೇ ಅಪರಾಧಿ. ಅರಣ್ಯ ಸಂಚಾರಿ ದಳ ಗಿರಾಕಿಯ ವೇಷದಲ್ಲೇ ಬರುವುದುಂಟು.

ವಿದೇಶಿ ಹಾವಿನ ಕಥೆ ಬೇರೆ. ಬಾಲ್ ಪೈಥಾನಿನಂಥವು ನಾಲ್ಕನೆಯ ಅನುಸೂಚಿಯಡಿ ಬರುತ್ತವೆ. ಅವನ್ನು ಇಟ್ಟುಕೊಳ್ಳುವುದಕ್ಕೆ ಪೂರ್ಣ ನಿಷೇಧವಿಲ್ಲ, ಆದರೆ ನೋಂದಣಿ ಕಡ್ಡಾಯ. 2024ರ ಫೆಬ್ರುವರಿ 28ರಂದು ಬಂದ ನಿಯಮಗಳ ಪ್ರಕಾರ, ಆಗಲೇ ಇಟ್ಟುಕೊಂಡಿದ್ದವರು ಆರು ತಿಂಗಳೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಹಾಕಬೇಕಿತ್ತು. ಆಮೇಲೆ ಪಡೆದವರು ಕೈಗೆ ಬಂದ 30 ದಿನದೊಳಗೆ ಹಾಕಬೇಕು. ಮಾರುವವನ ಬಳಿ ಆ ಹಾವಿನ ನೋಂದಣಿ ಪತ್ರ ಕೇಳಿ. "ಪೇಪರ್ ಆಮೇಲೆ ಕಳಿಸುತ್ತೇನೆ" ಎಂದರೆ ಎದ್ದು ಬನ್ನಿ. ನಮ್ಮದೇ ಹೆಬ್ಬಾವಿನ ಮರಿಯನ್ನು ಬಾಲ್ ಪೈಥಾನ್ ಎಂದು ಕೈಗಿತ್ತರೆ ಗುರುತಿಸಬಲ್ಲಿರಾ? ಆಗ ನಿಮ್ಮ ಕೈಯಲ್ಲಿರುವುದು ಒಂದನೆಯ ಅನುಸೂಚಿಯ ಪ್ರಾಣಿ. ವಿದೇಶದಿಂದ ಸೂಟ್‌ಕೇಸಿನಲ್ಲಿ ತರುವುದಂತೂ ಕಳ್ಳಸಾಗಣೆಯೇ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪೆಟ್ಟಿಗೆಗಳಿಂದ 55 ಬಾಲ್ ಪೈಥಾನ್, 17 ಕಾಳಿಂಗಗಳನ್ನು ಕಸ್ಟಮ್ಸ್ ಅಧಿಕಾರಿಗಳು ವಶಪಡಿಸಿಕೊಂಡರು. ಅದೇ ಸಾಮಾನಿನಲ್ಲಿ ಆರು ಕೋತಿಗಳೂ ಇದ್ದವು, ಸತ್ತು ಹೋಗಿದ್ದವು.

ನನ್ನನ್ನು ಕೇಳಿದರೆ, ಕಾಗದ ಸರಿಯಿದ್ದರೂ ವಿದೇಶಿ ಹಾವು ಬೇಡ ಎಂದೇ ಹೇಳುತ್ತೇನೆ. ಬಾಲ್ ಪೈಥಾನ್ ಸಾಕಣೆಯಲ್ಲಿ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಕಾಲೇಜು ಹುಡುಗ ಕೊಂಡದ್ದನ್ನು ಅವನ ಮದುವೆಯಾದ ಮೇಲೆ, ಊರು ಬಿಟ್ಟ ಮೇಲೆ ನೋಡಿಕೊಳ್ಳುವವರು ಯಾರು?

ಹೊರದೇಶದಲ್ಲಿರುವ ನಮ್ಮವರಿಗೆ ಒಂದು ಮಾತು

ಸಿಡ್ನಿಯಲ್ಲಿರುವ ಬಂಧುವೊಬ್ಬರ ಮಗಳು ಕಾರ್ಪೆಟ್ ಪೈಥಾನ್ ಹಿಡಿದುಕೊಂಡ ಫೋಟೊ ನೋಡಿ ನಮ್ಮ ಹುಡುಗ, "ಅಲ್ಲಿ ಹೇಗೆ ಬಿಡುತ್ತಾರೆ?" ಎಂದು ಕೇಳಿದ. ಆಸ್ಟ್ರೇಲಿಯಾದ ನಿಯಮ ನಮ್ಮದರ ತಿರುವುಮುರುವು. ನ್ಯೂ ಸೌತ್ ವೇಲ್ಸ್‌ನಲ್ಲಿ ಆ ನಾಡಿನ ಹಾವನ್ನು ಪರವಾನಗಿ ಪಡೆದು ಸಾಕಬಹುದು. ಕಾರ್ನ್ ಸ್ನೇಕ್‌ನಂಥ ಹೊರಗಿನ ಹಾವನ್ನು ಸಾಕುವಂತಿಲ್ಲ, ತಪ್ಪಿಸಿಕೊಂಡರೆ ಅಲ್ಲಿನ ಜೀವಿಗಳಿಗೆ ಕುತ್ತು ಎಂದು. ಪರವಾನಗಿ ಇದ್ದರೂ ಕಾಡಿನಿಂದ ಹಿಡಿಯುವಂತಿಲ್ಲ. ಸಾಕಣೆಯಲ್ಲೇ ಹುಟ್ಟಿದ್ದನ್ನು ಪರವಾನಗಿ ಉಳ್ಳವರಿಂದಲೇ ಪಡೆಯಬೇಕು, ದಾಖಲೆ ಇಡಬೇಕು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ಆದ್ದರಿಂದ ಮನೆ ಬದಲಿಸುವಾಗ ಮೊದಲೇ ವಿಚಾರಿಸಿ. ಅಮೆರಿಕದಲ್ಲೂ ಹಾಗೆಯೇ: ಅನೇಕ ರಾಜ್ಯಗಳಲ್ಲಿ ಅಂಗಡಿಯಲ್ಲೇ ಸಿಗುವ ಕಾರ್ನ್ ಸ್ನೇಕ್, ಜಾರ್ಜಿಯಾದಲ್ಲಿ ಅಲ್ಲಿನದೇ ಹಾವು ಎಂಬ ಕಾರಣಕ್ಕೆ ಮನೆಯಲ್ಲಿ ಇಡುವಂತಿಲ್ಲ. ಬ್ರಿಟನ್ನಿನಲ್ಲಿ ಅಪಾಯಕಾರಿ ವಿಷದ ಹಾವಿಗೆ ಸ್ಥಳೀಯ ಕೌನ್ಸಿಲ್‌ನ ಲೈಸೆನ್ಸ್ ಬೇಕು.

ಕೊನೆಯ ಹೆಜ್ಜೆ: ಹಾವಿನ ಮೇಲಿನ ಪ್ರೀತಿಯನ್ನು ಎಲ್ಲಿ ಇಡುವುದು?

ಹಾವು ಒಯ್ದ ಮೇಲೆ ಹುಡುಗ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ ಎಂದು ಅವನ ತಾಯಿ ಹೇಳಿದರು. ಆ ಪ್ರೀತಿ ಸುಳ್ಳಲ್ಲ. ಅದಕ್ಕೆ ದಾರಿ ತೋರಿಸದೆ ಕಾನೂನನ್ನಷ್ಟೇ ಹೇಳುವುದು ಅನ್ಯಾಯವಾಗುತ್ತದೆ.

ಮೈಸೂರು, ಬನ್ನೇರುಘಟ್ಟ, ಮಂಗಳೂರಿನ ಪಿಲಿಕುಳದಂಥ ಮಾನ್ಯತೆ ಪಡೆದ ಮೃಗಾಲಯಗಳಲ್ಲಿ ಹಾವುಗಳನ್ನು ಹತ್ತಿರದಿಂದ ನೋಡಬಹುದು. ರಾಜ್ಯದ ಮೃಗಾಲಯಗಳಲ್ಲಿ ಪ್ರಾಣಿ ದತ್ತು ಯೋಜನೆಯಿದೆ. ವರ್ಷದ ಆಹಾರದ ಖರ್ಚು ಕಟ್ಟಿದರೆ ಹಾವು ಅಲ್ಲಿ, ಅದರ ಅನ್ನದ ಹೊಣೆ ನಿಮ್ಮದು. ಆಗುಂಬೆಯಲ್ಲಿ 2005ರಿಂದ ಮಳೆಕಾಡು ಸಂಶೋಧನಾ ಕೇಂದ್ರ ಕಾಳಿಂಗದ ಅಧ್ಯಯನ ನಡೆಸುತ್ತಿದೆ. ಕಾಳಿಂಗ ಒಂದೇ ಪ್ರಭೇದವಲ್ಲ, ನಾಲ್ಕು ಎಂದು 2024ರಲ್ಲಿ ವಿಜ್ಞಾನಿಗಳು ತೋರಿಸಿದಾಗ ಪಶ್ಚಿಮ ಘಟ್ಟದ ಪ್ರಭೇದಕ್ಕೆ ಇಟ್ಟ ವೈಜ್ಞಾನಿಕ ಹೆಸರು ಒಫಿಯೊಫೇಗಸ್ ಕಾಳಿಂಗ. ನಮ್ಮ ಅಜ್ಜಂದಿರು ಕರೆದ ಹೆಸರೇ ಜಗತ್ತಿನ ಪುಸ್ತಕ ಸೇರಿತು. ಇದನ್ನು ಹೇಳಿದಾಗ ಹುಡುಗನ ಮುಖ ಅರಳಿದ್ದನ್ನು ನಾನು ಕಂಡೆ. ಜೀವಶಾಸ್ತ್ರ ಓದಿ ಸಂಶೋಧನೆಗೆ ಹೋದರೆ ಸೆಕ್ಷನ್ 12ರ ಬಾಗಿಲು ಅವನಿಗೂ ತೆರೆಯುತ್ತದೆ.

ಅಲ್ಲಿಯ ತನಕ ಅವನಿಗೆ ಒಂದು ನೋಟ್‌ಬುಕ್ ಕೊಟ್ಟೆ. ಹಾವು ಕಂಡ ದಿನ, ಹೊತ್ತು, ಜಾಗ, ಮಳೆಯಿತ್ತೇ, ಏನು ಮಾಡುತ್ತಿತ್ತು, ಎಲ್ಲವನ್ನೂ ಬರೆಯುತ್ತಾನೆ. ಮುಟ್ಟದೆ, ಅಟ್ಟದೆ, ಕೆದಕದೆ ನೋಡುವುದಕ್ಕೆ ಯಾರ ಅನುಮತಿಯೂ ಬೇಡ.

ಈ ವರ್ಷ ಅವರ ಗೊಬ್ಬರಗುಂಡಿಯಲ್ಲಿ ಸೊಪ್ಪು ತೆಗೆಯುವಾಗ ಬಿಳಿಯ, ಚರ್ಮದ ಹಾಗೆ ಮೆತ್ತಗಿನ ಸಿಪ್ಪೆಯ ಮೊಟ್ಟೆಗಳು ಕಂಡವು. ಒಂದಕ್ಕೊಂದು ಅಂಟಿಕೊಂಡ ಹನ್ನೊಂದು. ಗುದ್ದಲಿ ಹಿಡಿದಿದ್ದ ಆಳು ಎತ್ತಿ ಬದಿಗಿಡಲು ಹೋದಾಗ ಹುಡುಗನೇ ತಡೆದನಂತೆ. ಹಾವಿನ ಮೊಟ್ಟೆಯನ್ನು ಮಗುಚಿದರೆ ಒಳಗೆ ಸಿಪ್ಪೆಗೆ ಅಂಟಿಕೊಂಡು ಬೆಳೆಯುವ ಭ್ರೂಣ ಸಾಯಬಹುದು ಎಂದು ಅವನು ಆಗಲೇ ಓದಿಕೊಂಡಿದ್ದ. ತೆಗೆದ ಸೊಪ್ಪನ್ನು ಹಾಗೆಯೇ ಮುಚ್ಚಿ, ನಾಲ್ಕು ಕೋಲು ನೆಟ್ಟು, ಆ ಮೂಲೆಯ ಗೊಬ್ಬರವನ್ನು ಈ ಸಲ ಎತ್ತುವುದು ಬೇಡ ಎಂದು ಮನೆಯವರನ್ನು ಒಪ್ಪಿಸಿದ. ಮೊನ್ನೆ ಭಾನುವಾರ ಬಂದು ನೋಟ್‌ಬುಕ್ಕಿನ ಪುಟ ತೋರಿಸಿದ: "ಬೆಳಿಗ್ಗೆ 7.10. ಮಳೆ ನಿಂತಿದೆ. ಒಂಬತ್ತು ಸಿಪ್ಪೆ ಖಾಲಿ. ಸೀಳು ಬ್ಲೇಡಿನಿಂದ ಗೀರಿದ ಹಾಗಿದೆ. ಮರಿ ಒಂದೂ ಕಾಣಲಿಲ್ಲ."